ಲಿಂಕಿನ ಬಾಲದಲ್ಲಿದ್ದ ಹೆಸರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಷ್ಟು ಸಲ ಹೇಳಿದರೂ ತೃಪ್ತಿಯಿಲ್ಲ. ನವಿ ಮುಂಬಯಿಯ ಘಣಸೋಲಿಯಲ್ಲಿರುವ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ, ಕೊತ್ತಂಬರಿ ಮಾರುವವಳಿಗೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದವರಿಗೂ ಹೇಳಿದ್ದೇನೆ. ಮಗುವಿನ ಹಣೆ ಅಗಲ, ಗಲ್ಲದಲ್ಲಿ ಗುಳಿ. ಅವಳು ಆಕಳಿಸಿದರೆ ಮನೆಮಂದಿಯೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತೇವೆ. ನಾನು ಹೆಚ್ಚು ಓದಿದವಳಲ್ಲ. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ, ಇಂಗ್ಲಿಷ್ ಬರುವುದಿಲ್ಲ. ಈ ಸಂತೋಷವನ್ನು ಬರೆಯಲೆಂದೇ ಕೂತೆ. ಆದರೆ ಪೆನ್ನು ಮತ್ತೆ ಮತ್ತೆ ತೊಟ್ಟಿಲ ಕಾರ್ಯದ ಆ ವಾರಕ್ಕೇ ಹೋಗಿ ನಿಲ್ಲುತ್ತದೆ.

ಮಗು ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗ ನನ್ನ ಕೈ ಹಿಡಿದುಕೊಂಡು, "ಅವ್ವಾ, ಹೆಸರು ನೀನ ಆರಿಸು" ಅಂದ. ನಾನು ಅವನ ಕಿವಿಯಲ್ಲಿ ನನ್ನ ಅವ್ವನ ಹೆಸರು ಹೇಳಿದೆ. ಅವ್ವ ವಿಜಯಪುರದ ಕಡೆಯಿಂದ ಬಂದು ವಾಶಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು. ಕೂಲಿಯಾಳುಗಳ ಮೇಲಿನ ಮುಕಾದಮನಿಗೆ ಅಲ್ಲಿದ್ದ ಹೆಂಗಸರೆಲ್ಲ ಬರೀ ‘ಏ ಬಾಯಿ’. ಅಷ್ಟು ವರ್ಷ ದುಡಿದರೂ ಅವಳ ಹೆಸರನ್ನು ಈ ಊರು ಒಂದು ಸಲವೂ ಕೂಗಲಿಲ್ಲ. ಮೊಮ್ಮಗಳಿಗೆ ಇಟ್ಟರೆ ಶಾಲೆಯಲ್ಲಿ ಟೀಚರು ಕೂಗುತ್ತಾರೆ, ಆಟಕ್ಕೆ ಬಾ ಎಂದು ಗೆಳತಿಯರು ಅಂಗಳದಿಂದ ಕೂಗುತ್ತಾರೆ ಎಂದು ನನ್ನ ಆಸೆ.

"ಆತವ್ವಾ," ಎಂದ ಮಗ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ತನಕ ಹೆಸರನ್ನು ಹೊರಗೆ ಬಿಡುವುದಿಲ್ಲ. ಮೊದಲು ಸೋದರತ್ತೆ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹಾಗಾಗಿ ಊರಿಗೆಲ್ಲ ಎಲ್ಲ ಹೇಳುವ ನಾನು ಅದೊಂದನ್ನು ಮಾತ್ರ ಹೇಳಲಿಲ್ಲ. ಎದುರು ಮನೆಯ ಮರಾಠಿಯವಳು ಎಷ್ಟು ಕೆದಕಿದರೂ ನಕ್ಕು ಸುಮ್ಮನಾದೆ.

ಕರೆಯೋಲೆಯನ್ನು ಮಗ ಫೋನಿನಲ್ಲೇ ಮಾಡಿದ. "ಕಾರ್ಡ್ ಬ್ಯಾಡವ್ವಾ. ಕಾರ್ಯದ ಹಾಲ್‌ಗೆ ಬರೂ ದಾರಿ, ಊಟದ ಹೊತ್ತು, ಪಾಪುನ ಫೋಟೋ, ಎಲ್ಲಾ ಒಂದ ಕಡೆ ಹಾಕೀನಿ. ಈ ಲಿಂಕ್ ಒತ್ತಿದ್ರ ತೆರೀತೈತಿ."

ಇರುವೆ ಸಾಲಿನ ಹಾಗೆ ಉದ್ದಕ್ಕೆ ಇಂಗ್ಲಿಷ್ ಅಕ್ಷರ. "ಇಷ್ಟುದ್ದ ಯಾರು ನೆನಪಿಡ್ತಾರೋ?" ಎಂದೆ.

"ಅದಕ್ಕ ಸಣ್ಣದೊಂದು ಮಾಡೀನಿ ನೋಡು. ಫೋನಾಗ ಬಾಯಿಲೆ ಹೇಳಿದ್ರೂ ನಡೀತೈತಿ."

ಆ ಸಣ್ಣದನ್ನು ನನ್ನ ಫೋನಿಗೂ ಹಾಕಿಕೊಟ್ಟ. ಕಲ್ಯಾಣದ ನಾದಿನಿಗೆ, ಠಾಣೆಯ ಬೀಗರಿಗೆ, ಊರಿನವರಿಗೆಲ್ಲ, ಎದುರು ಮನೆಯವಳಿಗೂ ನಾನೇ ಹೆಬ್ಬೆರಳು ಒತ್ತಿ ಒತ್ತಿ ಕಳಿಸಿದೆ. ಆ ಸಂಜೆ ನನ್ನಷ್ಟು ದೊಡ್ಡ ಮನುಷ್ಯರು ನವಿ ಮುಂಬಯಿಯಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಎದುರು ಮನೆಯವಳು ಬಂದು, "ಮಾವ್ಶಿ, ನಾವ್ ಛಾನ್ ಆಹೆ" ಎಂದಳು. ಹೆಸರು ಚೆನ್ನಾಗಿದೆಯಂತೆ. ಹೆಸರು ಇನ್ನೂ ಇಟ್ಟೇ ಇಲ್ಲವಲ್ಲ ಎಂದು ನಾನು ನಕ್ಕೆ. ಅವಳು ತನ್ನ ಫೋನು ತೆಗೆದು, ನಾನೇ ಕಳಿಸಿದ ಲಿಂಕಿನ ಕೊನೆಗೆ ಬೆರಳಿಟ್ಟು, ಅಲ್ಲಿದ್ದ ಶಬ್ದವನ್ನು ಗಟ್ಟಿಯಾಗಿ ಓದಿದಳು. ಚಿಕ್ಕ ಹೆಸರು, ಮುದ್ದಾಗಿಯೂ ಇತ್ತು. ನನ್ನ ಅವ್ವನದಾಗಿರಲಿಲ್ಲ.

ಮಗ ಆಫೀಸಿಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದ. ಕೇಳಿದೆ.

"ಎಲ್ಲಾರಿಗೂ ನೆನಪ ಉಳಿಯೂ ಅಂಥಾ ಶಬ್ದ ಬೇಕಿತ್ತವ್ವಾ. ಅದಕ್ಕ ಪಾಪುನ ಹೆಸರ ಹಾಕಿದೆ."

"ಪಾಪುನ ಹೆಸರು ನಾ ನಿನ್ನ ಕಿವ್ಯಾಗ ಹೇಳಿದ್ದೆ."

"ಅದು ಹಳೇದಾಯ್ತು ಅಂತ ನಾವು ಗಂಡಾ ಹೆಂಡ್ತಿ... ತೊಟ್ಲಾ ಮುಗದ ಮ್ಯಾಲೆ ಹೇಳೂಣು ಅಂತಿದ್ವಿ. ನಿನಗ ಹೆಂಗೂ ಇಂಗ್ಲಿಷ್..." ಎಂದು ನಿಲ್ಲಿಸಿದ.

"ಬರಂಗಿಲ್ಲ," ಎಂದು ನಾನೇ ಮುಗಿಸಿದೆ. "ಮತ್ತ ನನ್ನ ಕೈಲೆ ಯಾಕ ಹಂಚಿಸಿದಿ?"

"ನಿನಗ ಖುಷಿ ಆಗಿತ್ತಲ್ಲವ್ವಾ." ಜೇಬಿನಿಂದ ಫೋನು ತೆಗೆದು, "ಬದಲ ಮಾಡಾಕ ಬರತೈತಿ. ಎರಡ ನಿಮಿಷದ ಕೆಲಸ."

"ಏನು ಬದಲ ಮಾಡ್ತಿ? ಲಿಂಕೋ, ಹೆಸರೋ?"

ಅವನು ಬಗ್ಗಿ, ಕಟ್ಟಿ ಮುಗಿಸಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಮೊದಲೇ ಹೇಳಿದ್ದರೆ ಒಂದು ಸಂಜೆ ಒಲೆಯ ಮುಂದೆ ಕಣ್ಣು ಒರೆಸಿಕೊಂಡು ಒಪ್ಪುತ್ತಿದ್ದೆ. ಮಗು ಅವರದು. ಆದರೆ ಮಗ ಸೊಸೆ ಇಬ್ಬರೂ, ಇಲ್ಲದ ಗುಟ್ಟನ್ನು ನಾನು ಕಾಯುವಂತೆ ಮಾಡಿದರು. ನಾನು ತುಟಿ ಬಿಗಿಹಿಡಿದು ಓಡಾಡುವುದನ್ನು ನೋಡುತ್ತ ಎದುರಿಗೇ ಕೂತು ಉಂಡರು. ನನ್ನ ಅವ್ವನ ಹೆಸರನ್ನು ಅಳಿಸುವ ಕೆಲಸ ನನ್ನ ಹೆಬ್ಬೆರಳಿನಿಂದಲೇ ಆಯಿತು.

ತೊಟ್ಟಿಲ ದಿನ ಡೊಂಬಿವಲಿಯಿಂದ ಮಗಳು ಬಂದಳು. ಸೋದರತ್ತೆ ಅವಳೇ. ಹಾಲ್‌ನ ಹಿಂದಿದ್ದ ಅಡುಗೆಕೋಣೆಗೆ ಕರೆದೊಯ್ದು, "ನಿನಗ ಗೊತ್ತಿತ್ತೇನ?" ಎಂದು ಕೇಳಿದೆ.

ಅವಳು ಮಗುವಿಗೆ ತಂದ ಕರಿಬಳೆಗಳನ್ನು ಎಣಿಸುವವಳಂತೆ ತಿರುಗಿಸಿದಳು. "ಗೊತ್ತಿತ್ತವ್ವಾ. ತಮ್ಮ ಹೇಳಬ್ಯಾಡ ಅಂದಿದ್ದ."

ಹಾಡಾಯಿತು, ಆರತಿಯಾಯಿತು. ಮಗಳು ತೊಟ್ಟಿಲಿಗೆ ಬಾಗಿ ಕುರ್ರ್ ಎಂದು, ಎಲ್ಲರ ಫೋನಿನಲ್ಲೂ ಆಗಲೇ ಇದ್ದ ಆ ಹೆಸರನ್ನು ಗುಟ್ಟಿನ ಹಾಗೆ ಹೇಳಿದಳು. ಹೆಂಗಸರು ನಗುತ್ತ ಅವಳ ಬೆನ್ನಿಗೆ ಮೆತ್ತಗೆ ಗುದ್ದಿದರು. ನನ್ನ ಸರದಿ ಬಂತು. ಕೈ ಸ್ವಲ್ಪ ಜೋರಾಗಿಯೇ ಬಿತ್ತು.

"ಅವ್ವಾ, ಸಾವಕಾಶ. ಲಿಂಕ್ ನಾ ಮಾಡಿಲ್ಲ."

ಎಲ್ಲರೂ ನಕ್ಕರು. ಎದುರು ಮನೆಯವಳು ಮರಾಠಿಯಲ್ಲಿ ಹೇಳಿಸಿಕೊಂಡು ತಡವಾಗಿ ನಕ್ಕಳು. ತೊಟ್ಟಿಲಲ್ಲಿ ಮಗು ಆಕಳಿಸಿತು. ಮತ್ತೆ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿ, ಎಲ್ಲರ ಜೊತೆ ನಾನೂ ಅದನ್ನೇ ನೋಡಿದೆ. ಎಂಥ ಆಕಳಿಕೆ ಅದು, ಗುಳಿ ಮೂಡಿ ಮರೆಯಾಗುವ ತನಕ ನನಗೆ ಬೇರೇನೂ ನೆನಪಿರಲಿಲ್ಲ.

ಆಮೇಲೆ ನೆನಪಾಯಿತು.

"ಗೊತ್ತಂತೂ ಇತ್ತಲ್ಲ," ಎಂದು ಇನ್ನೊಂದು ಗುದ್ದಿದೆ.