ಊಟ ಆತೇನೆಂದು ಕೇಳದ ಪೆಟ್ಟಿಗೆ

ನಮ್ಮ ಬನಹಟ್ಟಿಯಲ್ಲಿ ಫೋನು ಹಚ್ಚಿದವರು ಗಡಿಯಾರದ ಕಡೆ ಕಣ್ಣು ಹಾಯಿಸದೆ, "ಊಟ ಆತ್ರಿ?" ಎಂದು ಕೇಳಿಯೇ ವಿಷಯಕ್ಕಿಳಿಯುತ್ತಾರೆ. ನಸುಕಿನಲ್ಲೂ ಕೇಳುತ್ತಾರೆ, ಸಾವಿನ ಸುದ್ದಿ ಹೇಳುವ ಮುನ್ನವೂ ಕೇಳುತ್ತಾರೆ. ಈ ಪೀಠಿಕಾಪ್ರಕರಣವನ್ನು ನಾನು ಶುದ್ಧ ಕಾಲಹರಣವೆಂದೇ ಬಗೆದಿದ್ದೆ, ಮಿತಭಾಷಿಯೊಬ್ಬನ ಪರಿಚಯವಾಗುವ ತನಕ.

ಆ ಮಿತಭಾಷಿ, ನನ್ನ ತಮ್ಮ ಶಿವಲಿಂಗನ ಮಗ್ಗದ ಶೆಡ್ಡಿನ ಗೋಡೆಗೆ ಅವನ ಮಗಳು ಗಿರಿಜೆ ಬಿಗಿದ, ಸಾಬೂನಿನ ಡಬ್ಬಿಯಷ್ಟು ಪೆಟ್ಟಿಗೆ. ಒಳಗಿನ ಕಾವೆಷ್ಟು, ತೇವವೆಷ್ಟು ಎಂದು ಅಳೆದು, ಮೊದಲು ಕಾವು, ಹಿಂದೆ ತೇವ ಎಂದು ಒಂದರ ಹಿಂದೊಂದು ಬರಿಯ ಅಂಕಿಗಳನ್ನು ತಂತಿಯಿಲ್ಲದೆ ಓಣಿ ದಾಟಿಸಿ, ನಮ್ಮ ಪಡಸಾಲೆಯಲ್ಲಿ ಅವಳೇ ಇಟ್ಟ ಪುಟ್ಟ ಪರದೆಗೆ ಮುಟ್ಟಿಸುವುದು ಅದರ ಕಾಯಕ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಗಿರಿಜೆ ಇವನ್ನು 'ಕಚ್ಚಾ ಬೈಟು'ಗಳೆಂದು ವಿವರಿಸಿದಾಗ ನಾನು ಗಂಭೀರವಾಗಿ ತಲೆಯಾಡಿಸಿದೆ. ಅರ್ಥವಾಗದ್ದನ್ನು ಗೌರವಿಸುವ ಸಂಪ್ರದಾಯಸ್ಥ ನಾನು. ತೇವ ಇಳಿದರೆ ನೂಲು ಹರಿಯುತ್ತದೆಂಬುದಷ್ಟೇ ನನಗೆ ಗೊತ್ತಿತ್ತು.

ಪೆಟ್ಟಿಗೆ ಬಿಗಿದ ದಿನ ಶಿವಲಿಂಗ ಮಗ್ಗಕ್ಕೆ ಬೀಮು, ಅಂದರೆ ಹೊಸ ನೂಲು ಸುತ್ತಿದ ಉರುಳೆ, ಏರಿಸಿದ್ದ. "ಸಂಜಿತನಕ ಖರೆ ಹೇಳಿದ್ರ ಇರಲಿ. ಇಲ್ಲಾಂದ್ರ ನಿನ್ನ ಡಬ್ಬಿ ಬಿಚ್ಚಿ ಕೈಯಾಗ ಕೊಡ್ತೀನಿ ನೋಡವಾ" ಎಂದು ಮಗಳಿಗೆ ಹೇಳಿದ್ದ.

ಮಧ್ಯಾಹ್ನ ಕರೆಂಟು ಹೋಗಿ ಬಂದದ್ದೇ ತಡ, ಪರದೆಯಲ್ಲಿ ಕಾವು ಅರವತ್ತೆರಡು, ತೇವ ಮೂವತ್ತೊಂದು! ಅಷ್ಟು ಕಾವಿನಲ್ಲಿ ತಮ್ಮ ಈಗಾಗಲೇ ಬೆಂದಿರಬೇಕಲ್ಲ ಎಂಬ ತರ್ಕ ನನಗೆ ಹೊಳೆಯಲಿಲ್ಲ. ಓಣಿಗಿಳಿದು ಕೂಗಿದೆ: "ತ್ಯಾವ ಇಳದೈತ್ಲೇ ಶಿವ್ಯಾ, ನೀರ ಹೊಡಿ!" ಅವನು ಕೊಡಗಟ್ಟಲೆ ನೀರು ಚೆಲ್ಲಿದ. ಗಂಜಿ ಹಚ್ಚಿದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮಗ್ಗ ನಿಂತಿತು.

ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅವನು ಮಗಳಿಗೆ ಫೋನು ಹಚ್ಚಿದ. ಸಿಟ್ಟಿಗೆ ಧ್ವನಿ ನಡುಗುತ್ತಿತ್ತು; ಆದರೂ ಮೊದಲು ಹೊರಟದ್ದು, "ಊಟ ಆತೇನವಾ?" ಬೈಗುಳ ಆಮೇಲೆ.

ಓಡಿಬಂದ ಗಿರಿಜೆ ಪರದೆ ನೋಡಿ ಹಣೆ ಚಚ್ಚಿಕೊಂಡಳು. ಶೆಡ್ಡಿನ ಪೆಟ್ಟಿಗೆಗೆ ಬ್ಯಾಟರಿಯಿದ್ದುದರಿಂದ ಅದು ಮಾತು ನಿಲ್ಲಿಸಿರಲಿಲ್ಲ. ಕರೆಂಟು ಬಂದು ಎಚ್ಚೆತ್ತ ನಮ್ಮ ಪರದೆ ಅರ್ಧ ಮಾತಿನಿಂದ ಕಿವಿಗೊಟ್ಟು, ಮೊದಲು ಕಿವಿಗೆ ಬಿದ್ದ ತೇವವನ್ನು ಕಾವೆಂದೂ ಅದರ ಹಿಂದೆ ಬಂದ ಕಾವನ್ನು ತೇವವೆಂದೂ ತೋರಿಸಿತ್ತು.

"ದೊಡ್ಡಪ್ಪಾ, ಅಪ್ಪ ಸಿಟ್ಟಿನಾಗೂ ಮೊದಲ ಊಟ ಕೇಳಿದ. ಮಾತು ಅಲ್ಲಿಂದ ಸುರು ಅಂತ ನನಗ ತಿಳೀತು. ಈ ಡಬ್ಬಿಗೆ ನಾ ಅದನ್ನ ಕಲಿಸೇ ಇಲ್ಲ!"

ಕಾವಾಗಲಿ ತೇವವಾಗಲಿ ಎಂದೂ ಮುಟ್ಟಲಾರದ ದೊಡ್ಡ ಅಂಕಿಯೊಂದನ್ನು ಪ್ರತಿ ಜೋಡಿಯ ಮುಂದೆ ಪ್ರತಿಷ್ಠಾಪಿಸಿದಳು; ಪೆಟ್ಟಿಗೆಯ ಆ 'ಊಟ ಆತೇನು' ಕೇಳಿಸಿದ ಮೇಲೆಯೇ ಪರದೆ ಎಣಿಕೆ ಶುರುಮಾಡಬೇಕು. ಬೇಕೆಂತಲೇ ಪರದೆಯನ್ನು ಆರಿಸಿ ಹಚ್ಚಿದೆವು. ಅಂಕಿಗಳು ತಂತಮ್ಮ ಜಾಗದಲ್ಲೇ ಕೂತವು. ತಮ್ಮ ಅದೇ ಸ್ಕ್ರೂಡ್ರೈವರ್ ಹಿಡಿದು ಶೆಡ್ಡಿಗೆ ಹೋಗಿ, ಪೆಟ್ಟಿಗೆಯ ಸಡಿಲ ಸ್ಕ್ರೂವೊಂದನ್ನು ಬಿಗಿಮಾಡಿದ.

ಮುಸ್ಸಂಜೆ ಅವನ ಫೋನು; ಹಿಂದೆ, ಎಳೆ ಬಿಡಿಸಿ ಮತ್ತೆ ಹೂಡಿದ ಮಗ್ಗದ ಖಟಖಟ. "ಅಣ್ಣಾ, ಊಟ ಆತೇನು?"

"ಆತು" ಎಂದು, ವಿಷಯ ಬರಲೆಂದು ಕಾದೆ.

"ಛಲೋ ಆತು" ಎಂದವನೇ ಫೋನು ಇಟ್ಟುಬಿಟ್ಟ.

ಅದು ಪೀಠಿಕೆಯೋ, ಅದೇ ವಿಷಯವೋ? ನಿಮಗೆ ತಿಳಿದರೆ ಹೇಳಿ. ಊಟ ಆದಮೇಲೆಯೇ ಹೇಳಿ.