ನಾಲ್ಕು ಊರಿನ ಹನ್ನೊಂದು ಮಾತ್ರೆ

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹೋದೆ. ಎಲ್ಲ ಶುರುವಾಗಿದ್ದು ಅಲ್ಲಿಂದ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಸರು ಕೊಟ್ರೇಶ, ವಯಸ್ಸು ಐವತ್ತಾರು, ಮನೆ ಹರಪನಹಳ್ಳಿಯಲ್ಲಿ. ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಇಪ್ಪತ್ತೆಂಟು ವರ್ಷದಿಂದ ತಿರುಗುತ್ತಲೇ ಇದ್ದೇನೆ. ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಡಿಪೋದ ಒಬ್ಬ ಡ್ರೈವರ್, ನನಗಿಂತ ಚಿಕ್ಕವನು, ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟ. ಹಾರ್ಟ್ ಅಟ್ಯಾಕ್. ಆ ವಾರವೆಲ್ಲ ಡಿಪೋದಲ್ಲಿ ಗಂಡಸರು ಎದೆ ಮುಟ್ಟಿಕೊಂಡೇ ಓಡಾಡಿದರು. ಕೊಟ್ಟೂರಿನಲ್ಲಿ ಒಂದು ಹೊಸ ಲ್ಯಾಬ್ ‘ಫುಲ್ ಬಾಡಿ ಚೆಕಪ್’ ಎಂದು ಬೋರ್ಡ್ ಹಾಕಿತ್ತು. ಬೆಳಗಿನ ಟ್ರಿಪ್‌ನಲ್ಲಿ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಮಧ್ಯಾಹ್ನದ ಟ್ರಿಪ್‌ನಲ್ಲಿ ರಿಪೋರ್ಟ್ ಬಂತು. ಆರು ಪುಟ. ಎರಡು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ, ಎರಡೂ ಸಕ್ಕರೆಯವು.

ಬಸ್ಸು ನಿಲ್ಲುವುದು ಇಪ್ಪತ್ತು ನಿಮಿಷ. ಮೇಲಿನ ಮಹಡಿಯ ಡಾಕ್ಟರ ಬಳಿಗೆ ಮೆಟ್ಟಿಲು ಓಡುತ್ತ ಹತ್ತಿದೆ. ಏದುಸಿರು ಬಿಡುತ್ತಿರುವಾಗಲೇ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು.

“ಬಿಪಿ ಜಾಸ್ತಿ ಐತಿ. ಶುಗರ್ ಬಾರ್ಡರ್‌ನ್ಯಾಗ ಐತಿ. ಈಗಿಂದ್ಲೇ ಮಾತ್ರಿ ಶುರು ಮಾಡೋಣ, ಸೇಫ್.”

ಬಾರ್ಡರ್ ಎಂದರೆ ಅಡ್ಡಗೋಡೆಯ ಮೇಲಿನ ದೀಪ. ಕಾಯಿಲೆ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಚೀಟಿಯಲ್ಲಿ ಮೂರು ಹೆಸರು ಇದ್ದವು. ಮೂರನೆಯದು ಗ್ಯಾಸ್ ಮಾತ್ರೆ.

“ನನಗ ಗ್ಯಾಸ್ ಇಲ್ಲಲ್ರಿ ಸರ್?”

“ಇವು ತಗೊಂಡ್ರ ಬರ್ತೈತಿ.”

ಕೆಳಗೆ ಹಾರ್ನ್ ಕೇಳಿಸಿತು. ಇಳಿದು ಓಡಿದೆ.

ಮೂರು ವಾರದಲ್ಲಿ ಎರಡೂ ಪಾದ ಊದಿಕೊಂಡವು. ಸಂಜೆ ಬೂಟು ಬಿಚ್ಚಲು ಹೆಂಡತಿ ಸುಮಂಗಳ ಎಳೆಯಬೇಕಾಗುತ್ತಿತ್ತು. ಆಗ ನನ್ನ ಡ್ಯೂಟಿ ಹಡಗಲಿ ಕಡೆಗೆ ಬದಲಾಗಿತ್ತು. ಅಲ್ಲಿ ಒಬ್ಬ ಡಾಕ್ಟರಿಗೆ ಕಾಲು ತೋರಿಸಿದೆ. ಬೇರೆ ಮಾತ್ರೆ ಏನಾದರೂ ನಡೆದಿದೆಯೇ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಇದೊಂದು ಮರ್ಯಾದೆ. ಒಬ್ಬ ಡಾಕ್ಟರ ಚೀಟಿಯನ್ನು ಇನ್ನೊಬ್ಬರ ಮುಂದೆ ಹಿಡಿದರೆ ಅವರಿಗೂ ಅವಮಾನ, ಇವರಿಗೂ ಅವಮಾನ ಎಂದು ನಂಬಿ ಬೆಳೆದವರು ನಾವು. ಮೇಲಾಗಿ ನಾನು ಕಂಡಕ್ಟರ್. ಆ ಡಾಕ್ಟರ ಆಸ್ಪತ್ರೆಯ ನರ್ಸಮ್ಮ, ಈ ಡಾಕ್ಟರ ಕಾಂಪೌಂಡರು ಎಲ್ಲ ದಿನಾ ನನ್ನ ಬಸ್ಸಿಗೇ ಹತ್ತುವವರು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದೆನೆಂದು ಗೊತ್ತಾದರೆ ನಾಳೆ ಯಾವ ಮುಖ ಇಟ್ಟುಕೊಂಡು ಟಿಕೆಟ್ ಕೊಡುವುದು? ಹಾಗಾಗಿ ಊರಿಗೊಂದು ಪ್ಲಾಸ್ಟಿಕ್ ಕವರು ಮಾಡಿ, ಚೀಟಿ ಮಾತ್ರೆ ಎರಡನ್ನೂ ಅದರಲ್ಲಿ ತುರುಕಿ, ನನ್ನ ಡ್ಯೂಟಿ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡೆ. ಸುಮಂಗಳಳಿಗೆ ಗೊತ್ತಿದ್ದದ್ದು ಕೊಟ್ಟೂರಿನ ಕವರು ಒಂದೇ.

ಹಡಗಲಿಯ ಚೀಟಿಯಲ್ಲಿ ನೀರು ಇಳಿಸುವ ಮಾತ್ರೆ, ಒಂದು ವಿಟಮಿನ್, ಇನ್ನೊಂದು ಹೆಸರಿನ ಗ್ಯಾಸ್ ಮಾತ್ರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ಕೊಟ್ಟೂರಿನದು ಊದಿಸುತ್ತಿತ್ತು, ಹಡಗಲಿಯದು ಹಿಂಡುತ್ತಿತ್ತು. ಅರ್ಧ ಗಂಟೆಗೊಮ್ಮೆ ಮೂತ್ರ. ತುಂಬಿದ ಬಸ್ಸು, ಬಾಗಿಲಿನವರೆಗೂ ಹೆಣ್ಣುಮಕ್ಕಳು. ಕಂಡಕ್ಟರ್ ಎಲ್ಲಿ ಇಳಿಯಬೇಕು? ನಾನೊಂದು ಉಪಾಯ ಮಾಡಿದೆ. ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಒಂದು ಲೋಟ, ಡ್ಯೂಟಿ ಮುಗಿದ ಮೇಲೆ ಒಂದು ಲೋಟ. ನಮ್ಮ ಸೀಮೆಯ ಬಿಸಿಲಿನಲ್ಲಿ.

ತಲೆ ತಿರುಗತೊಡಗಿತು. ಹಗರಿಬೊಮ್ಮನಹಳ್ಳಿಯ ಡಾಕ್ಟರು ಕಿವಿಯ ತೊಂದರೆ ಎಂದರು. ತಲೆಸುತ್ತಿನ ಮಾತ್ರೆ, ನರಕ್ಕೆ ಒಂದು ವಿಟಮಿನ್, ಮತ್ತೊಂದು ಗ್ಯಾಸ್ ಮಾತ್ರೆ. ಚೀಟಿಗೊಂದು ಗ್ಯಾಸ್ ಮಾತ್ರೆ ಎಂಬುದು ಮದುವೆ ಊಟಕ್ಕೆ ಉಪ್ಪಿನಕಾಯಿ ಇದ್ದಂತೆ, ಕೇಳದಿದ್ದರೂ ಎಲೆಯ ತುದಿಗೆ ಬೀಳುತ್ತದೆ. ತಲೆಸುತ್ತು ಸ್ವಲ್ಪ ಕಡಿಮೆಯಾಯಿತು. ಆ ಮಾತ್ರೆಯನ್ನು ಐದು ತಿಂಗಳು ನುಂಗಿದೆ.

ಒಂದು ದಿನ ಸಂತೆಯಿಂದ ಬರುವಾಗ ಹಿಂದೆ ನಡೆಯುತ್ತಿದ್ದ ಸುಮಂಗಳ ಕೇಳಿದಳು:

“ಯಾಕ್ರೀ, ನಡೀವಾಗ ಬಲಗೈ ಬೀಸವಲ್ರಿ? ಕಟ್ಟಿ ಹಾಕಿದಂಗ ಐತಲ್ಲ.”

ನಾನು ನಕ್ಕೆ. ಮರುದಿನ ಟಿಕೆಟ್ ಮಷಿನ್ ಮೇಲೆ ಹೆಬ್ಬೆರಳು ತಾನಾಗಿಯೇ ಕುಣಿಯಿತು. ಎರಡು ಟಿಕೆಟ್ ಒತ್ತಿದರೆ ಮೂರು ಬಂದವು. ಹೆಜ್ಜೆ ಸಣ್ಣದಾಯಿತು. ಇಪ್ಪತ್ತೆಂಟು ವರ್ಷ ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತವನು ಸೀಟಿನಿಂದ ಸೀಟಿಗೆ ಆತು ಹೋಗತೊಡಗಿದೆ. ಕೂಡ್ಲಿಗಿಗೆ ಗುರುವಾರ ಗುರುವಾರ ಹೊರಗಿನಿಂದ ನರದ ಡಾಕ್ಟರು ಬರುತ್ತಿದ್ದರು. ಕೈ ಮುಂದೆ ಚಾಚಲು ಹೇಳಿದರು. ಬೆರಳು ಬಡಿಯಲು ಹೇಳಿದರು. ತಲೆಯ ಸ್ಕ್ಯಾನ್ ಬರೆದರು. ಮುಂದಿನ ಗುರುವಾರ ಅದನ್ನು ನೋಡಿ ಹೇಳಿದರು:

“ಪಾರ್ಕಿನ್ಸನ್ ಇದ್ದಂಗ ಕಾಣ್ತೈತಿ. ಜೀವನಪರ್ಯಂತ ಮಾತ್ರಿ ತಗೋಬೇಕಾಗ್ತೈತಿ.”

ಜೀವನಪರ್ಯಂತ.

ಹೊರಗೆ ಬಂದು ನಿಲ್ದಾಣದ ಕಟ್ಟೆಯ ಮೇಲೆ ಕುಳಿತೆ. ನನ್ನದೇ ಬಸ್ಸು ಎದುರಿಗಿತ್ತು, ಹತ್ತಲು ಮನಸ್ಸಾಗಲಿಲ್ಲ. ಹೆದರಿದ್ದೆ, ಮುಚ್ಚಿಡುವುದೇನು. ಊಟ ಮಾಡಿಸಲು ಸುಮಂಗಳ ತುತ್ತು ಹಿಡಿದು ಕೂರುವುದು ಕಣ್ಣ ಮುಂದೆ ಬಂತು. ಇನ್ನು ಸಾಯುವವರೆಗೂ ನಾನು ರೋಗಿಯೇ? ಕಾಯಿಲೆಗಿಂತ ಆ ಪ್ರಶ್ನೆಯೇ ನನ್ನನ್ನು ತಿಂದಿತು. ಕೂಡ್ಲಿಗಿಯ ಕವರಿಗೆ ಎರಡು ಮಾತ್ರೆ ಸೇರಿದವು. ಅಲ್ಲಿಗೆ ದಿನಕ್ಕೆ ಹನ್ನೊಂದು. ಬಾಯಿ ಒಣಗಿತು, ಮರೆವು ಬಂತು. ದಿನಾ ಹೋಗುವ ದಾರಿಯಲ್ಲಿ ಬಾಗಳಿ ದಾಟಿತೋ ಇನ್ನೂ ಬರಬೇಕೋ ಎಂದು ಪ್ಯಾಸೆಂಜರನ್ನೇ ಕೇಳಿದ್ದೂ ಉಂಟು.

ಒಂದು ಮಧ್ಯಾಹ್ನ ಹಲವಾಗಲು ಸ್ಟಾಪಿನಲ್ಲಿ ನಾನು “ರೈಟ್” ಅಂದೆ.

ಒಬ್ಬ ಅಜ್ಜಿಯ ಕಾಲು ಇನ್ನೂ ಮೆಟ್ಟಿಲ ಮೇಲಿತ್ತು.

ಬಸ್ಸು ಒಂದು ಮಾರು ಮುಂದಕ್ಕೆ ಹೋಯಿತು, ಅಷ್ಟೇ. ಅಜ್ಜಿ ಮಣ್ಣಿಗೆ ಬಿದ್ದಳು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಜನ ನನ್ನನ್ನು ಬೈದರು, ಬೈಯಲೇಬೇಕು. ಎತ್ತಲು ಹೋದ ನನ್ನ ಕೈಯನ್ನು ಹಿಡಿದುಕೊಂಡು ಅಜ್ಜಿ ಮಾತ್ರ ಬೈಯಲಿಲ್ಲ.

“ಯಾಕ ತಮ್ಮಾ, ನಿನ್ನ ಕೈಯಿ ಹಿಂಗ ನಡುಗಾಕತ್ತೈತಿ? ಮೊದ್ಲು ನೀ ತೋರಿಸ್ಕ್ಯಾ ಹೋಗು.”

ನನ್ನ ಜೊತೆಯ ಡ್ರೈವರ್ ದುರುಗಪ್ಪ ಹನ್ನೆರಡು ವರ್ಷದ ಗೆಳೆಯ. ಟ್ರಿಪ್ ಮುಗಿದು, ಡಿಪೋಗೆ ಲೆಕ್ಕ ಒಪ್ಪಿಸಿ ಹೊರಟ ನನ್ನನ್ನು ಅವನು ತಡೆದು, ಡ್ಯೂಟಿ ಪೆಟ್ಟಿಗೆಯ ಸಮೇತ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು, ಸೀದಾ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಹೊಸದಾಗಿ ಬಂದ ಒಬ್ಬ ಲೇಡಿ ಡಾಕ್ಟರಿದ್ದರು. ಮೂವತ್ತು ದಾಟಿರಲಿಕ್ಕಿಲ್ಲ.

“ಏನೇನು ಮಾತ್ರಿ ತಗೊಳ್ತೀರಿ?” ಅಂದರು.

ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. ಆದರೂ ನನ್ನ ಹಳೆಯ ಚಾಳಿ ಬಿಡಲಿಲ್ಲ.

“ಬಿಪಿದು ಒಂದ್ರಿ ಮೇಡಂ.”

“ಸುಳ್ಳು ಹೇಳಬ್ಯಾಡಲೇ ಕೊಟ್ರ್ಯಾ!” ದುರುಗಪ್ಪ ಪೆಟ್ಟಿಗೆ ತೆರೆದು ನಾಲ್ಕೂ ಕವರನ್ನು ಮೇಜಿನ ಮೇಲೆ ಸುರುವಿದ. ದಿನಾ ನಾನು ನುಂಗುವುದನ್ನು ಬಸ್ಸಿನ ಕನ್ನಡಿಯಲ್ಲಿ ನೋಡುತ್ತಲೇ ಇದ್ದನಂತೆ.

ಡಾಕ್ಟರಮ್ಮ ಬೈಯಲಿಲ್ಲ. ಹೊರಗಿನ ಸಾಲನ್ನು ಸ್ವಲ್ಪ ಕಾಯಲು ಹೇಳಿ, ಒಂದೊಂದೇ ಚೀಟಿ ತೆಗೆದು ತಾರೀಖಿನ ಪ್ರಕಾರ ಜೋಡಿಸಿದರು. ಯಾವುದು ಶುರುವಾದ ಮೇಲೆ ಏನಾಯಿತು ಎಂದು ಕೇಳುತ್ತ ಹೋದರು. ನನಗೆ ತಾರೀಖು ನೆನಪಿರಲಿಲ್ಲ, ಯಾವ ರೂಟಿನಲ್ಲಿದ್ದೆ ಎಂಬುದು ನೆನಪಿತ್ತು. ಅದನ್ನೇ ಹೇಳಿದೆ. ಮೂರು ಗ್ಯಾಸ್ ಮಾತ್ರೆಗಳನ್ನು ಪಕ್ಕಕ್ಕಿಟ್ಟು, “ಇವು ಮೂರೂ ಒಂದೇ ಔಷಧ, ಹೆಸರು ಅಷ್ಟೇ ಬ್ಯಾರೆ” ಅಂದರು. ಆಮೇಲೆ ತಲೆಸುತ್ತಿನ ಮಾತ್ರೆಯ ಪಟ್ಟಿಯನ್ನು ಎತ್ತಿ ಹಿಡಿದರು.

“ಇದನ್ನ ಬಾಳ ದಿನ ತಗೊಂಡ್ರ ಕೆಲವರಿಗೆ ಕೈ ನಡುಗ್ತಾವು, ನಡಿಗಿ ಬಿಗಿ ಆಗ್ತೈತಿ. ಪಾರ್ಕಿನ್ಸನ್ ಇದ್ದಂಗ ಕಾಣ್ತೈತಿ.”

“ಹಂಗಾದ್ರ ನನಗ ಆ ರೋಗ ಇಲ್ಲೇನ್ರಿ?”

“ಇಲ್ಲ ಅಂತ ಇವತ್ತು ಮಾತು ಕೊಡಂಗಿಲ್ರಿ. ಇರಲಿಕ್ಕಿಲ್ಲ ಅನ್ಸತೈತಿ. ನಿಲ್ಲಿಸಿ ನೋಡೋಣ. ಆದ್ರ ನಾ ಹೇಳಿದಂಗ ನಿಲ್ಲಿಸಬೇಕು. ಸಿಟ್ಟಿನಾಗ ಎಲ್ಲಾ ಒಮ್ಮಿಗೇ ಬಿಸಾಕಿದ್ರಿ ಅಂದ್ರ ಬ್ಯಾರೆ ತೊಂದ್ರಿ.”

ಕೊನೆಗೆ ಕೇಳಿದರು: “ಇವನ್ನ ಯಾವಾಗ ನಿಲ್ಲಿಸ್ಬೇಕು ಅಂತ ನೀವು ಯಾರನ್ನರ ಕೇಳಿದ್ರೇನು?”

ಕೇಳಿರಲಿಲ್ಲ. ಎಲ್ಲಿ ಇಳಿಯುತ್ತೀರಿ ಎಂದು ದಿನಾ ನೂರಾರು ಜನರನ್ನು ಕೇಳುವವನು ನಾನು. ಹನ್ನೊಂದು ಮಾತ್ರೆಯನ್ನು ಸುಮ್ಮನೆ ಹತ್ತಿಸಿಕೊಂಡಿದ್ದೆ.

ಮನೆಯಲ್ಲಿ ನಾಲ್ಕು ಕವರು ನೋಡಿ ಸುಮಂಗಳ ಅತ್ತಳು. ನನಗೆ ಕಾಯಿಲೆ ಎಂದಲ್ಲ. “ಡಾಕ್ಟರ ಮುಂದ, ವಕೀಲರ ಮುಂದ ಸುಳ್ಳು ಹೇಳಬಾರದಂತ. ನೀವು ಹೆಂಡ್ತಿ ಮುಂದನೂ ಮುಚ್ಚಿಟ್ರಲ್ಲ” ಅಂದಳು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಒಂದು ತಂಬಿಗೆ ನೀರು ತಂದು ಎದುರಿಗಿಟ್ಟು, ಕುಡಿಯುವವರೆಗೂ ನಿಂತಳು. ಅದು ಅವಳ ರಾಜಿ.

ರಜೆ ಹಾಕಿದೆ. ಮೊದಲು ತಲೆಸುತ್ತಿನ ಮಾತ್ರೆ, ನೀರಿನ ಮಾತ್ರೆ ಹೋದವು, ಆಮೇಲೆ ಒಂದೊಂದಾಗಿ ಗ್ಯಾಸ್ ಮಾತ್ರೆ, ಕೊಟ್ಟೂರಿನವು. ಡಾಕ್ಟರಮ್ಮ ಕೂಡ್ಲಿಗಿಯ ಡಾಕ್ಟರಿಗೆ ಒಂದು ಪತ್ರ ಬರೆದುಕೊಟ್ಟರು. ಅದನ್ನು ಒಯ್ಯಲು ನನಗೆ ಎರಡು ಗುರುವಾರ ಧೈರ್ಯ ಬರಲಿಲ್ಲ. ಮೂರನೆಯ ಗುರುವಾರ ಒಯ್ದೆ. ಅವರು ಎರಡು ಸಲ ಓದಿದರು.

“ಈ ಮಾತ್ರಿ ವಿಷಯ ನೀವು ಹೇಳಲೇ ಇಲ್ಲ.”

“ತಪ್ಪಾತ್ರಿ ಸರ್.”

ಪತ್ರ ಮಡಿಸಿಟ್ಟರು. “ನಾನೂ ಕೇಳಬೇಕಿತ್ತು” ಅಂದರು. ತಮ್ಮ ಎರಡು ಮಾತ್ರೆಯನ್ನು ಹೇಗೆ ಇಳಿಸುತ್ತ ಬರಬೇಕೆಂದು ತಾವೇ ಬರೆದುಕೊಟ್ಟರು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ಉಳಿದವರ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಎರಡು ನಿಮಿಷದಲ್ಲಿ ಮೂರು ಮಾತ್ರೆ ಬರೆಯುವುದಾದರೆ, ಇನ್ನೊಂದು ನಿಮಿಷ ತೆಗೆದು ಒಂದು ಪ್ರಶ್ನೆ ಕೇಳಬಹುದಿತ್ತು. ಆದರೆ ನಮ್ಮ ಜನವೇನು ಕಡಿಮೆ? ಚೀಟಿ ಬರೆಯದೆ ಬರೀ ಮಾತಾಡಿ ಕಳಿಸಿದ ಡಾಕ್ಟರನ್ನು, “ಅವಂಗೇನೂ ಬರಂಗಿಲ್ಲ” ಎಂದು ಬಸ್ಸಿನಲ್ಲಿ ಆಡಿಕೊಳ್ಳುವುದನ್ನು ದಿನಾ ಕೇಳಿದ್ದೇನೆ. ನಾನೂ ಆಡಿಕೊಂಡಿದ್ದೇನೆ. ಆ ಮಾತಿಗೆ ಹೆದರಿಯೂ ಪೆನ್ನು ಓಡುತ್ತದೆ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ದಿನಾ ಬೆಳಿಗ್ಗೆ ಕೈ ಚಾಚಿ ನೋಡಿಕೊಳ್ಳುತ್ತಿದ್ದೆ. ನಡುಗುತ್ತಿತ್ತು. ನನಗೆ ರೋಗವೇ ಇದೆ, ಈ ಡಾಕ್ಟರ್ ಹುಡುಗಿಗೇನು ಗೊತ್ತು ಎಂದು ಒಂದು ದಿನ ಕೂಗಾಡಿದೆ. ಎರಡನೆಯ ತಿಂಗಳು ಹೆಜ್ಜೆ ಸಡಿಲವಾಯಿತು. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡ ಮೇಲೆ ನೆನಪಾಯಿತು, ಸಹಾಯಕ್ಕೆ ಸುಮಂಗಳಳನ್ನು ಕರೆದಿರಲಿಲ್ಲ. ಅವಳು ಒಲೆಯ ಮುಂದಿನಿಂದಲೇ ನೋಡಿದ್ದಳು. “ಬಿಚ್ರಿ, ಇನ್ನೊಮ್ಮಿ ಹಾಕ್ಕ್ಯಳ್ರಿ, ನೋಡ್ತೀನಿ” ಅಂದಳು. ಬಿಚ್ಚಿ ಮತ್ತೆ ಹಾಕಿದೆ. ಇಬ್ಬರೂ ನಗುತ್ತ ಅತ್ತೆವು.

ಈಗ ಡ್ಯೂಟಿಗೆ ಮರಳಿ ಎರಡು ತಿಂಗಳು. ಡಾಕ್ಟರಮ್ಮ ನನ್ನನ್ನು ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಬೇರೆ ಬೇರೆ ದಿನ ಆರು ಸಲ ಬಿಪಿ ನೋಡಿದರು. ಸ್ವಲ್ಪ ಇದೆ. ಅದಕ್ಕೊಂದು ಬೇರೆ ಮಾತ್ರೆ, ಸಣ್ಣದು. ಅದನ್ನು ತಪ್ಪಿಸುವುದಿಲ್ಲ. ಸಕ್ಕರೆಗೆ ನಡಿಗೆ, ರಾಗಿ ಮುದ್ದೆ. ಬಲ ಹೆಬ್ಬೆರಳು ದಣಿದಾಗ ಇನ್ನೂ ಒಮ್ಮೊಮ್ಮೆ ಅದುರುತ್ತದೆ. ಪಾರ್ಕಿನ್ಸನ್ ಇಲ್ಲ ಎಂದು ಇಬ್ಬರೂ ಡಾಕ್ಟರು ಈಗ ಹೇಳುತ್ತಾರೆ. ಆದರೂ ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ.

ಹೋದ ವಾರ ಮೊಣಕಾಲು ನೋವು ಬಂತು. ಕೊಟ್ಟೂರಿನಲ್ಲಿದ್ದೆ. ಅದೇ ಮಹಡಿ, ಅದೇ ಡಾಕ್ಟರು. ಈ ಸಲ ನಿಧಾನ ಹತ್ತಿದೆ. ಕುಳಿತವನೇ ನಾಲ್ಕೂ ಊರಿನ ಚೀಟಿಗಳನ್ನು ಅವರ ಮುಂದೆ ಬಿಡಿಸಿಟ್ಟು, ಆದದ್ದನ್ನೆಲ್ಲ ಹೇಳಿದೆ. ನನ್ನ ಕಿವಿ ಬಿಸಿಯಾಗಿತ್ತು, ನಿಜ. ಅವರು ತಮ್ಮ ಚೀಟಿಯನ್ನೇ ತುಂಬಾ ಹೊತ್ತು ನೋಡಿದರು. ಮೊಣಕಾಲು ಒತ್ತಿ ನೋಡಿ, ಪೆನ್ನು ತೆಗೆದು ಒಂದು ಹೆಸರು ಬರೆದರು. ಎರಡನೆಯದಕ್ಕೆ ಹೋದ ಪೆನ್ನು ನಿಂತಿತು.

“ಸರ್, ಇದು ಎಷ್ಟು ದಿನಕ್ರಿ?” ಅಂದೆ.

“ಐದು ದಿನ. ಆಮ್ಯಾಲೆ ನಿಲ್ಲಿಸ್ರಿ.” ಅದನ್ನು ಚೀಟಿಯ ಮೇಲೂ ಬರೆದು, ಕೆಳಗೆ ಗೆರೆ ಎಳೆದರು.

ಐದು ದಿನ ತೆಗೆದುಕೊಂಡೆ. ಆರನೆಯ ದಿನ ನಿಲ್ಲಿಸಿದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಇನ್ನೂ ಸ್ವಲ್ಪ ಹಿಡಿಯುತ್ತದೆ. ಇಪ್ಪತ್ತೆಂಟು ವರ್ಷ ಓಡುವ ಬಸ್ಸಿನಲ್ಲಿ ನಿಂತ ಕಾಲು. ಅಷ್ಟು ನೋವನ್ನು ಕಾಯಿಲೆ ಅನ್ನದೆ ಇಟ್ಟುಕೊಂಡಿದ್ದೇನೆ.