ಕೆಂಪು ಪಟ್ಟಿಯ ಮರಗಳು

ನಮ್ಮೂರಿನ ಫಾರೆಸ್ಟ್ ಗಾರ್ಡಮ್ಮನನ್ನು ಹೊಗಳಿ ನಾನೊಮ್ಮೆ ಇಪ್ಪತ್ತು ನಿಮಿಷ ಭಾಷಣ ಮಾಡಿದ್ದೇನೆ. ಊರ ಹಿಂದಿನ ಬೆಟ್ಟದಲ್ಲಿ ಆಕೆ ಮರಗಳಿಗೆ ಎದೆಯೆತ್ತರದಲ್ಲಿ ಕೆಂಪು ಪಟ್ಟಿ ಬಳಿಯುವುದನ್ನು ಕಂಡು, ಇವೆಲ್ಲ ಉಳಿಸಬೇಕಾದ ಮರಗಳು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಆಕೆಯನ್ನು ಕೇಳಬಹುದಿತ್ತು. ಆದರೆ ಏಳು ಜನರ ಬೆಟ್ಟ ರಕ್ಷಣಾ ಸಮಿತಿಗೆ ಅಧ್ಯಕ್ಷನಾದವನು ಕೇಳುವುದುಂಟೆ? "ಒಂದೊಂದು ಪಟ್ಟಿಯೂ ಒಂದೊಂದು ಪದಕ" ಎಂದೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಗಾರ್ಡಮ್ಮ ಎಲ್ಲ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಮೇಷ್ಟ್ರೇ, ಪಟ್ಟಿ ಹಾಕಿರೋವು ಕಡಿಯೋ ಮರಗಳು."

"ಎಷ್ಟು?"

"ಹೆಚ್ಚುಕಮ್ಮಿ ಅರ್ಧ."

ಲೋಟದಲ್ಲಿದ್ದ ಚಹಾ ನನ್ನ ಅಂಗಿಯ ಮೇಲಿತ್ತು.

ಗಾರ್ಡಮ್ಮನಿಗೆ ನಲವತ್ತೊಂದು. ಅರಣ್ಯ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷದ ಕೆಲಸ. ಬೆಟ್ಟದ ಬುಡದ ಒಂದೇ ಕೋಣೆ ಆಕೆಯ ಕಚೇರಿ: ಒಂದು ಮೇಜು, ಮೊಳೆಗೆ ನೇತುಹಾಕಿದ ಮಳೆಯಂಗಿ, ಹೊರಗೆ ಮಳೆ ಅಳೆಯುವ ಡಬ್ಬ. ಗಂಡ ಬಸ್ಸಿನಲ್ಲಿ ಕಂಡಕ್ಟರ್. ಅವನು ಜನರನ್ನು ಎಣಿಸುತ್ತಾನೆ, ಇವಳು ಮರಗಳನ್ನು. ಊಟಕ್ಕೆ ಕೂತಾಗ ಇಬ್ಬರಿಗೂ ಮಾತು ಬೇಡ. ಆ ಬೆಟ್ಟದ ಮರಗಳನ್ನು ನೆಟ್ಟವರು ಆಕೆಯ ಅಪ್ಪ. ಮೂವತ್ತನಾಲ್ಕು ವರ್ಷದ ಹಿಂದೆ, ಕೂಲಿಯವರನ್ನು ಕಟ್ಟಿಕೊಂಡು, ಅಳತೆ ಕೋಲು ಹಿಡಿದು, ಗಿಡದಿಂದ ಗಿಡಕ್ಕೆ ಆರು ಅಡಿ. "ಅಲ್ಲಿ ಒಂದು ಕೊಡಲಿ ಏಟೂ ಬಿದ್ದಿಲ್ಲ" ಎಂದು ಈಗಲೂ ಕಂಡವರಿಗೆಲ್ಲ ಹೇಳುತ್ತಾರೆ.

ನಾನು ಮರ ಕಡಿಯಬಾರದೆಂದು ಮನವಿ ಪತ್ರ ಬರೆದು ನೇರವಾಗಿ ಅವರ ಬಳಿಗೇ ಹೋದೆ. ನೆಟ್ಟವರೇ ಬೇಡವೆಂದರೆ ಈ ವರ್ಷ ಕಡಿಯುವ ಕೆಲಸ ನಿಲ್ಲಿಸುತ್ತೇನೆಂದು ಇಲಾಖೆಯ ದೊಡ್ಡ ಅಧಿಕಾರಿ ನನಗೆ ಹೇಳಿದ್ದರು. ಮುದುಕರು ಮೂರು ಸಲ ಓದಿಸಿಕೊಂಡು, ಮೊದಲ ಸಹಿ ಹಾಕಿದರು. ಅಷ್ಟರಲ್ಲಿ ಮಗಳು ಒಳಗೆ ಬಂದಳು.

"ಅಪ್ಪ, ಮೇಲಿನ ಸಾಲಲ್ಲಿ ನಲವತ್ತು ಮರ ನಿಂತಲ್ಲೇ ಒಣಗಿವೆ. ಈ ವರ್ಷ ಬಿಟ್ರೆ ಮುಂದಿನ ಬೇಸಿಗೆಗೆ ಇಡೀ ಬೆಟ್ಟ ಸೌದೆ."

"ಹುಳ ಬಿದ್ದಿರತ್ತೆ. ಔಷಧಿ ಹೊಡಿ."

"ಮರ ಸೊರಗಿದ ಮೇಲೆ ಹುಳ ಬಂದಿದ್ದು. ಬಾ, ತೋರಿಸ್ತೀನಿ."

"ನನ್ನ ಮರ ನನಗೇ ತೋರಿಸ್ತೀಯಾ?" ಎಂದರು. ಆದರೂ ಚಪ್ಪಲಿ ಮೆಟ್ಟಿದರು. ಅಧ್ಯಕ್ಷನಾದ ನಾನೂ ಹಿಂದೆ ಹೊರಟೆ.

ಬೆಟ್ಟದಲ್ಲಿ ಮುದುಕರೇ ಒಂದು ಮರ ಆರಿಸಿದರು. ನೋಡಲು ನೆಟ್ಟಗೆ, ತಲೆ ಹಸಿರು. ಗಾರ್ಡಮ್ಮ ಚೀಲದಿಂದ ಟೊಳ್ಳು ಬೈರಿಗೆ ತೆಗೆದು, ಕಾಂಡಕ್ಕೆ ಇಟ್ಟು ತಿರುಗಿಸತೊಡಗಿದಳು. ಕಿರ್ ಕಿರ್ ಸದ್ದು. ಕೊನೆಗೆ ಒಳಗಿನಿಂದ ಪೆನ್ಸಿಲ್‌ಗಿಂತ ತೆಳ್ಳನೆಯ ಒಂದು ಕಡ್ಡಿ ಎಳೆದು ಅಪ್ಪನ ಅಂಗೈ ಮೇಲಿಟ್ಟಳು. ಅದರ ಮೇಲೆ ಅಡ್ಡಡ್ಡ ಗೆರೆಗಳು. ವರ್ಷಕ್ಕೊಂದು.

ಮುದುಕರು ಹೆಬ್ಬೆರಳ ಉಗುರಿನಿಂದ ಎಣಿಸುತ್ತಾ ಹೋದರು. ಮೊದಲ ವರ್ಷಗಳ ಗೆರೆಗಳ ನಡುವೆ ಉಗುರು ಆರಾಮಾಗಿ ಕೂರುತ್ತಿತ್ತು. ತೊಗಟೆಯ ಹತ್ತಿರ ಬಂದಾಗ ಉಗುರು ನಿಂತಿತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಲ್ಲಿ ಎಂಟು ವರ್ಷಗಳು ಒಂದು ಕೂದಲಿನ ಪಕ್ಕ ಇನ್ನೊಂದು ಕೂದಲು ಇಟ್ಟಂತೆ ಒತ್ತಿಕೊಂಡಿದ್ದವು.

"ಇದೊಂದು ಹೀಗಿರಬಹುದು. ಆ ಮರಕ್ಕೂ ಹಾಕು."

ಹಾಕಿದಳು. ಹಾಗೇ. "ಆ ಬಂಡೆ ಪಕ್ಕದ್ದು." ಹಾಗೇ.

ಅವರು ಬಂಡೆಯ ಮೇಲೆ ಕುಸಿದು ಕೂತರು. ಮೂರು ದಶಕ ಅದೇ ಬೆಟ್ಟವನ್ನು ಕಿಟಕಿಯಿಂದ ನೋಡಿ ಹಸಿರಾಗಿದೆ ಎಂದುಕೊಂಡವರು. ನಾನೂ ಹಾಗೇ ಅಂದುಕೊಂಡವನೇ, ಅದೂ ಮೈಕಿನಲ್ಲಿ.

"ಎಂಟು ವರ್ಷದಿಂದ ಇವು ಬೆಳೀತಾನೇ ಇಲ್ಲ" ಎಂದರು ಮುದುಕರು, ತಮಗೇ ಹೇಳಿಕೊಂಡಂತೆ. ಆಮೇಲೆ ಮಗಳನ್ನು ನೋಡಿ, "ಹತ್ತಿರ ಹತ್ತಿರ ನೆಟ್ಟುಬಿಟ್ನಾ?"

"ಆಗಿನ ಮಳೆಗೆ ಸರಿಯಾಗೇ ನೆಟ್ಟಿದೀಯ ಅಪ್ಪ. ಮೂರು ತಿಂಗಳು ಸುರಿಯೋದು ಈಗ ಹತ್ತು ದಿನದಲ್ಲಿ ಸುರಿದು ಹರಿದು ಹೋಗತ್ತೆ. ಮಿಕ್ಕಿದ್ದೆಲ್ಲ ಬಿಸಿಲು. ಇರೋ ನೀರು ಇಷ್ಟು ಜನಕ್ಕೆ ಸಾಲಲ್ಲ. ಅರ್ಧ ತೆಗೆದ್ರೆ ಉಳಿದರ್ಧ ಕುಡೀತವೆ. ಸಂದಿಯಲ್ಲಿ ಕೆಳಗಿನ ಒಣ ಕಾಡಿನ ಬೀಜದ ಸಸಿ ಇಡ್ತೀನಿ, ಬಿಸಿಲು ಕಂಡಿರೋವು."

"ಪುಸ್ತಕದಲ್ಲಿ ಅರವತ್ತು ವರ್ಷಕ್ಕೆ ಕಡಿಬೇಕು ಅಂತಿತ್ತು."

"ಪುಸ್ತಕ ಬರೆದವರು ಈ ಬೇಸಿಗೆ ನೋಡಿಲ್ಲ."

ಮುದುಕರು ನನ್ನತ್ತ ಕೈ ಚಾಚಿದರು. ಏನೆಂದು ತಿಳಿಯದೆ ಮನವಿ ಪತ್ರ ಕೊಟ್ಟೆ. ಅದರಲ್ಲಿ ಮೂರೂ ಕಡ್ಡಿಗಳನ್ನು ಮುರಿಯದಂತೆ ಸುತ್ತಿ, ಜೇಬಿಗಿಟ್ಟುಕೊಂಡರು. ಎದ್ದು, ಎರಡು ಮರಗಳ ನಡುವೆ ನಿಂತು, ತಲೆಯೆತ್ತಿ ಬಹಳ ಹೊತ್ತು ಕೊಂಬೆಗಳನ್ನು ನೋಡಿದರು. ಆಮೇಲೆ ದಪ್ಪಗಿದ್ದ ಮರದ ಮೇಲೆ ಅಂಗೈ ಇಟ್ಟು, "ಇದನ್ನ ಬಿಡು" ಎಂದರು. ಸಣಕಲು ಮರವನ್ನು ಮುಟ್ಟಲಿಲ್ಲ, ಗದ್ದದಿಂದಷ್ಟೇ ತೋರಿಸಿದರು.

ಗಾರ್ಡಮ್ಮ ಬಣ್ಣದ ಡಬ್ಬದಲ್ಲಿ ಬ್ರಷ್ ಅದ್ದಿದಳು. ಸುಮ್ಮನಿರಲು ಬಾರದ ನಾನು ಕೇಳಿಯೇಬಿಟ್ಟೆ: "ಈ ಕೆಂಪು ನೋಡಿದ್ರೆ ಜನ ಹೆದರ್ತಾರೆ. ಕಣ್ಣಿಗೆ ತಂಪಾಗಿ ಹಸಿರು ಬಣ್ಣ ಬಳಿಯಬಹುದಿತ್ತಲ್ಲ?"

"ಕಾಡಲ್ಲಿ ಹಸಿರು ಬಳಿದ್ರೆ ಕೊಯ್ಯೋರಿಗೆ ಕಾಣಲ್ಲ ಮೇಷ್ಟ್ರೇ. ಡಬ್ಬ ಹಿಡ್ಕೊಳ್ಳಿ."